ಒಂದರಿಂದ ಆರಕ್ಕೇರಿ ಮರಳಿ ಇಳಿಯುವ ಸಂಖ್ಯೆ: ಗಣಿತಸಾರಸಂಗ್ರಹದ 12345654321

ಪೀಠಿಕೆ

ಕರ್ನಾಟಕದ ಶಾಸ್ತ್ರಸಾಹಿತ್ಯದ ಚರಿತ್ರೆಯಲ್ಲಿ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ಕ್ಕೆ ವಿಶಿಷ್ಟವಾದ ಸ್ಥಾನವಿದೆ. ಈ ಗ್ರಂಥದ ಬಗೆಗೆ ಬಂದಿರುವ ಬರೆಹಗಳಲ್ಲಿ ಗ್ರಂಥಕರ್ತನ ಕಾಲ, ಆಶ್ರಯದಾತ, ಅಧ್ಯಾಯ ವಿಭಾಗ ಮೊದಲಾದ ಸಂಗತಿಗಳು ಸಾಕಷ್ಟು ಚರ್ಚಿತವಾಗಿವೆ. ಅದರಲ್ಲಿ ಬರುವ ಕೆಲವು ಚಮತ್ಕಾರಿಕ ಸಂಖ್ಯೆಗಳೂ ಮತ್ತೆ ಮತ್ತೆ ಉಲ್ಲೇಖಗೊಂಡಿವೆ. ಆದರೆ ಅವುಗಳನ್ನು ಉಲ್ಲೇಖಿಸುವವರು ಬಹುಮಟ್ಟಿಗೆ ಬೆರಗಿನ ಮಾತಿಗೆ ನಿಲ್ಲುತ್ತಾರೆ. ಆ ಸಂಖ್ಯೆಗಳು ಹಾಗೆ ಏಕೆ ಇವೆ, ಅವುಗಳ ಆಯ್ಕೆಯಿಂದ ಒಂಬತ್ತನೆಯ ಶತಮಾನದ ಗಣಿತಜ್ಞಾನದ ಬಗ್ಗೆ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬ ವಿಚಾರಕ್ಕೆ ದೊರೆತ ಗಮನ ಕಡಿಮೆ.

ಪ್ರಸ್ತುತ ಪ್ರಬಂಧವು ಅಂತಹ ಒಂದೇ ಒಂದು ಸಂಖ್ಯೆಯನ್ನು ಅಧ್ಯಯನಕ್ಕೆ ಎತ್ತಿಕೊಳ್ಳುತ್ತದೆ. ಅದು 12345654321. ಇಂದಿನ ರೂಢಿಯಲ್ಲಿ ಓದಿದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಈ ಸಂಖ್ಯೆಯ ಗುಣಗಳಲ್ಲಿ ಕೆಲವು ಸಂಖ್ಯೆಗೆ ಸೇರಿದವು, ಕೆಲವು ಅದನ್ನು ಬರೆಯುವ ಪದ್ಧತಿಗೆ ಸೇರಿದವು. ಇವೆರಡನ್ನೂ ಬೇರ್ಪಡಿಸಿ ನೋಡಿದಾಗ ಮಾತ್ರ ಇದರ ಐತಿಹಾಸಿಕ ಮಹತ್ತ್ವ ಸ್ಪಷ್ಟವಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

ಗ್ರಂಥ ಮತ್ತು ಅದರ ಕಾಲ

ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿ ಪದ್ಯರೂಪವಾಗಿ ರಚಿತವಾದ ಗ್ರಂಥ. ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಗ್ರಂಥಾರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಅಮೋಘವರ್ಷನ ಆಳ್ವಿಕೆ ಕ್ರಿ.ಶ. 814ರಿಂದ 878ರವರೆಗೆ ನಡೆಯಿತು. ಈ ಆಧಾರದಿಂದ ವಿದ್ವಾಂಸರು ಗ್ರಂಥದ ಕಾಲವನ್ನು ಸುಮಾರು ಕ್ರಿ.ಶ. 850 ಎಂದು ಇಟ್ಟುಕೊಂಡಿದ್ದಾರೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ'ವೂ ಇದೇ ಆಸ್ಥಾನದ ಕೊಡುಗೆ. ಕಾವ್ಯಮೀಮಾಂಸೆ, ವ್ಯಾಕರಣ, ಪುರಾಣ, ಸಿದ್ಧಾಂತಗಳ ಜೊತೆಗೆ ಗಣಿತವೂ ಮಾನ್ಯಖೇಟದ ವಿದ್ವದ್ವಲಯದ ಪೋಷಣೆಯನ್ನು ಪಡೆದಿತ್ತೆಂಬುದಕ್ಕೆ ಗಣಿತಸಾರಸಂಗ್ರಹವೇ ಸಾಕ್ಷಿ. ಲೌಕಿಕ, ವೈದಿಕ, ಸಾಮಯಿಕ ವ್ಯವಹಾರಗಳೆಲ್ಲವೂ ಗಣಿತವನ್ನು ಅವಲಂಬಿಸಿವೆಯೆಂದು ಗ್ರಂಥಕರ್ತನು ಆರಂಭದಲ್ಲಿಯೇ ಹೇಳುತ್ತಾನೆ. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸುಗಳವರೆಗೂ ಅವನು ಅದರ ವ್ಯಾಪ್ತಿಯನ್ನು ವಿಸ್ತರಿಸುತ್ತಾನೆ.

ಜ್ಯೋತಿಷದ ಅಂಗವಾಗಿ ಬರದೆ, ಸಂಪೂರ್ಣವಾಗಿ ಗಣಿತಕ್ಕೇ ಮೀಸಲಾದ ಕೃತಿಯೆಂಬುದು ಈ ಗ್ರಂಥದ ಹೆಚ್ಚುಗಾರಿಕೆ. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಖಗೋಳಶಾಸ್ತ್ರದ ಒಂದೆರಡು ಅಧ್ಯಾಯಗಳಾಗಿ ಬರುತ್ತದೆ. ಮಹಾವೀರಾಚಾರ್ಯನಲ್ಲಿ ಅದು ಸ್ವತಂತ್ರ ಶಾಸ್ತ್ರ. ಸಂಜ್ಞಾಧಿಕಾರದಿಂದ ಆರಂಭವಾಗಿ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂಬ ವ್ಯವಹಾರಗಳ ಮೂಲಕ ಗ್ರಂಥ ಸಾಗುತ್ತದೆ. ನಾವು ಚರ್ಚಿಸಲಿರುವ ಸಂಖ್ಯೆಯು ಗುಣಾಕಾರ, ಭಾಗಾಕಾರಾದಿ ಮೂಲಕ್ರಿಯೆಗಳನ್ನು ಹೇಳುವ ಪರಿಕರ್ಮ ವ್ಯವಹಾರದ ಉದಾಹರಣೆಗಳಿಗೆ ಸೇರಿದ್ದು.

ಗ್ರಂಥವು ಆಧುನಿಕ ವಿದ್ವತ್ ಪ್ರಪಂಚಕ್ಕೆ ಪರಿಚಯವಾದದ್ದು ಎಂ. ರಂಗಾಚಾರ್ಯರು ಸಂಪಾದಿಸಿ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದ ಆವೃತ್ತಿಯಿಂದ. ಗಣಿತೇತಿಹಾಸಕಾರ ಡೇವಿಡ್ ಯೂಜಿನ್ ಸ್ಮಿತ್ ಅದಕ್ಕೆ ಪ್ರಸ್ತಾವನೆ ಬರೆದರು. ವಲ್ಲಭನೆಂಬುವನು ಈ ಗ್ರಂಥಕ್ಕೆ ಬರೆದ ಕನ್ನಡ ಟೀಕೆಯೂ ಇದೆಯೆಂಬುದು ಗ್ರಂಥದ ಪಠನಪರಂಪರೆ ಕನ್ನಡ ನಾಡಿನಲ್ಲಿ ಮುಂದುವರಿದುದನ್ನು ಸೂಚಿಸುತ್ತದೆ. ಎಲ್. ಸಿ. ಜೈನ್ ಅವರ ಹಿಂದಿ ಅನುವಾದ 1963ರಲ್ಲಿಯೂ, ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದಲೂ ಪ್ರಕಟವಾದವು.

ಸಂಖ್ಯೆಯನ್ನು ಹೇಳಿದ ಬಗೆ

ಮಹಾವೀರಾಚಾರ್ಯನು 12345654321 ಎಂಬುದನ್ನು ಸ್ಥಾನಗಳ ಹೆಸರು ಹಿಡಿದು ಹೇಳುವುದಿಲ್ಲ. ಒಂದರಿಂದ ಮೊದಲ್ಗೊಂಡು ಆರರವರೆಗೆ ಏರಿ, ಅನಂತರ ಕ್ರಮವಾಗಿ ಕುಂದುವ ಅಂಕಗಳುಳ್ಳ ರಾಶಿ ಎಂಬುದು ಅವನ ವಿವರಣೆಯ ಸಾರ. ಇಷ್ಟೇ ಮಾತಿನಿಂದ ಹನ್ನೊಂದು ಅಂಕಗಳ ಸಂಖ್ಯೆ ನಿಶ್ಚಿತವಾಗುತ್ತದೆ.

ಇದರ ವಿಶೇಷವನ್ನು ತಿಳಿಯಲು ಕರ್ನಾಟಕದ್ದೇ ಆದ ಮತ್ತೊಂದು ನಿದರ್ಶನದೊಡನೆ ಹೋಲಿಸಬಹುದು. ಕ್ರಿ.ಶ. 634ರ ಐಹೊಳೆಯ ಮೇಗುತಿ ಶಾಸನದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ ಕಳೆದ ವರ್ಷಗಳನ್ನು 3735 ಎಂದು ಹೇಳುತ್ತಾನೆ. ಅವನು ಹೇಳುವ ಕ್ರಮವೆಂದರೆ ಮೊದಲು ಮೂವತ್ತು, ಬಳಿಕ ಮೂರು ಸಾವಿರ, ಆಮೇಲೆ ಏಳುನೂರು, ಕೊನೆಗೆ ಐದು. ಛಂದಸ್ಸಿನ ಅನುಕೂಲಕ್ಕಾಗಿ ಭಾಗಗಳು ಹಿಂದುಮುಂದಾದರೂ ಮೊತ್ತ ಬದಲಾಗುವುದಿಲ್ಲ. ಏಕೆಂದರೆ ಪ್ರತಿಯೊಂದು ಭಾಗವೂ ತನ್ನ ಪ್ರಮಾಣವನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಮಹಾವೀರಾಚಾರ್ಯನ ವಿವರಣೆಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೂರು, ಸಾವಿರ, ಲಕ್ಷ, ಕೋಟಿಗಳ ಹೆಸರೇ ಇಲ್ಲ. ಪ್ರಮಾಣವೆಲ್ಲವೂ ಅಂಕಗಳು ನಿಂತ ಕ್ರಮದಿಂದಲೇ ಹುಟ್ಟಬೇಕು. ಮೊದಲನೆಯದರಲ್ಲಿ ಕ್ರಮಕ್ಕೆ ಬೆಲೆಯಿಲ್ಲ, ಎರಡನೆಯದರಲ್ಲಿ ಕ್ರಮವೇ ಬೆಲೆ.

ಈ ಹೋಲಿಕೆಯಿಂದ ಏಳನೆಯ ಶತಮಾನದಲ್ಲಿ ಸ್ಥಾನಮೌಲ್ಯದ ಕಲ್ಪನೆ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಕ್ರಿ.ಶ. 499ರ ಆರ್ಯಭಟನಲ್ಲಿಯೂ 628ರ ಬ್ರಹ್ಮಗುಪ್ತನಲ್ಲಿಯೂ ಸ್ಥಾನಕ್ರಮದ ಸ್ಪಷ್ಟ ಬಳಕೆಯಿದೆ. ಇಲ್ಲಿ ಕಾಣುವುದು ಕಾಲದ ಅಂತರಕ್ಕಿಂತ ಹೇಳಿಕೆಯ ಅಂತರ. ಶಾಸನಕವಿಗೆ ಬೇಕಾದದ್ದು ಮೊತ್ತ, ಗಣಿತಾಚಾರ್ಯನಿಗೆ ಬೇಕಾದದ್ದು ಅಂಕಗಳ ಸಾಲು. ಕಲಿಯುವವನು ಪದ್ಯವನ್ನು ಕೇಳಿದ ಕೂಡಲೇ ಹಲಗೆಯ ಮೇಲೆ ಅಂಕಗಳನ್ನು ಬರೆದುಕೊಳ್ಳಬಲ್ಲನೆಂಬ ಭರವಸೆ ಇಲ್ಲದಿದ್ದರೆ ಆಚಾರ್ಯನು ಹೀಗೆ ಹೇಳುತ್ತಿರಲಿಲ್ಲ. ಸ್ಥಾನಮೌಲ್ಯವು ಪಂಡಿತರ ತಿಳಿವಳಿಕೆಯಾಗಿ ಮಾತ್ರ ಉಳಿಯದೆ ಪಾಠದ ಆರಂಭದಲ್ಲಿಯೇ ವಿದ್ಯಾರ್ಥಿಗೆ ಕರಗತವಾಗಿತ್ತೆಂಬುದಕ್ಕೆ ಈ ವಿವರಣೆ ಆಧಾರ. ಗ್ವಾಲಿಯರಿನ ಚತುರ್ಭುಜ ದೇವಾಲಯದ ಶಾಸನದಲ್ಲಿ 270 ಎಂಬುದನ್ನು ಸೊನ್ನೆಯ ಚಿಹ್ನೆಯೊಡನೆ ಕೆತ್ತಿರುವುದು ಕ್ರಿ.ಶ. 876ರಲ್ಲಿ, ಅಂದರೆ ಅಮೋಘವರ್ಷನ ಆಳ್ವಿಕೆಯ ಅವಧಿಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನೊಂದು ಅಂಶವೂ ಗಮನಾರ್ಹ. ಭೂತಸಂಖ್ಯೆಗಳಲ್ಲಿ ಅಂಕಗಳು ಎಡಕ್ಕೆ ಸಾಗುತ್ತವೆಂಬುದು ಸಂಪ್ರದಾಯ. ಅಂದರೆ ಮೊದಲು ಹೇಳಿದ ಅಂಕ ಬಿಡಿಸ್ಥಾನದ್ದು. ಬರೆದ ಸಂಖ್ಯೆಯನ್ನು ಓದುವಾಗ ಬಲಕ್ಕೆ ಸಾಗುತ್ತೇವೆ. ಆದ್ದರಿಂದ ಅಂಕಗಳನ್ನು ಸಾಲಾಗಿ ಹೇಳಿದಾಗ ಯಾವ ಕಡೆಯಿಂದ ಬರೆಯಬೇಕೆಂಬ ಸಂದೇಹಕ್ಕೆ ಎಡೆಯುಂಟು. 12345654321 ಈ ಸಂದೇಹದಿಂದ ಪೂರ್ತಿಯಾಗಿ ಮುಕ್ತ. ಎಡದಿಂದ ಬರೆದರೂ ಬಲದಿಂದ ಬರೆದರೂ ಅದೇ ಸಂಖ್ಯೆ ಬರುತ್ತದೆ. ಲಿಪಿಕಾರನ ಕೈತಪ್ಪಿಗೂ ಇದು ಸುಲಭವಾಗಿ ಒಳಗಾಗದು. ಅಂಕಗಳಲ್ಲಿ ಬರೆದ ಪ್ರತಿಯಲ್ಲಿ ಒಂದು ಅಂಕ ಬಿದ್ದುಹೋದರೆ ಏರಿಳಿತದ ಕ್ರಮ ತಾನಾಗಿಯೇ ದೋಷವನ್ನು ತೋರಿಸಿಕೊಡುತ್ತದೆ.

ಮಹಾವೀರಾಚಾರ್ಯನಿಗೆ ಸ್ಥಾನಗಳ ಹೆಸರುಗಳು ತಿಳಿದಿರಲಿಲ್ಲವೆಂದಲ್ಲ. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಅವನು ಸಂಜ್ಞಾಧಿಕಾರದಲ್ಲಿ ಹೆಸರಿಸಿದ್ದಾನೆ. ಅವನ ಆ ಪಟ್ಟಿಯ ಪ್ರಕಾರ ನಮ್ಮ ಸಂಖ್ಯೆಯನ್ನು ಓದಿದರೆ ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು ಎಂದಾಗುತ್ತದೆ. ಶಿಖರವಾದ ಆರು ಲಕ್ಷಸ್ಥಾನದಲ್ಲಿ ನಿಲ್ಲುತ್ತದೆ. ಹೆಸರುಗಳೆಲ್ಲ ಕೈಯಲ್ಲಿದ್ದೂ ಅವನು ಅವುಗಳನ್ನು ಇಲ್ಲಿ ಬಿಟ್ಟನೆಂಬುದರಿಂದ ಆ ವಿವರಣೆಯ ರೀತಿ ಉದ್ದೇಶಪೂರ್ವಕವಾದುದೆಂದು ತಿಳಿಯುತ್ತದೆ.

ಸಂಖ್ಯೆಯ ಒಳರಚನೆ

ಈಗ ಸಂಖ್ಯೆಯ ಗಣಿತಗುಣಗಳನ್ನು ಪರಿಶೀಲಿಸೋಣ. ಮೊದಲನೆಯದಾಗಿ, ಇದು ಪೂರ್ಣವರ್ಗ. ಆರು ಒಂದುಗಳಿಂದಾದ 111111ನ್ನು ಅದರಿಂದಲೇ ಗುಣಿಸಿದರೆ 12345654321 ಬರುತ್ತದೆ. ಇದಕ್ಕೆ ಕಾರಣ ಸರಳ. 111111ನ್ನು ಒಂದರಿಂದ ಆರು ಸಲ ಗುಣಿಸಿ, ಪ್ರತಿ ಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದರೆ ಮೆಟ್ಟಿಲಿನಂತೆ ಆರು ಸಾಲುಗಳಾಗುತ್ತವೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ಹೀಗೆ ನಡುವಿನಲ್ಲಿ ಆರು ಒಂದುಗಳು ಸೇರಿ, ಮತ್ತೆ ಎಡಕ್ಕೆ ಹೋದಂತೆ ಕಡಮೆಯಾಗುತ್ತವೆ. ಯಾವ ಕಂಬಸಾಲಿನ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಏರುವುದಿಲ್ಲ. ಆದ್ದರಿಂದ ಸಾಲುಗಳ ಆಕಾರವೇ ಉತ್ತರದ ಆಕಾರವಾಗಿ ಉಳಿಯುತ್ತದೆ.

ಎರಡನೆಯದಾಗಿ, ಅಂಕಗಳನ್ನು ಕೂಡಿಸಿದರೆ 36 ಬರುತ್ತದೆ. ಇದು ಶಿಖರದ ಅಂಕವಾದ ಆರರ ವರ್ಗ. ಆರು ಸಾಲುಗಳಲ್ಲಿ ಆರಾರು ಒಂದುಗಳಿರುವುದರಿಂದ ಒಟ್ಟು 36 ಒಂದುಗಳು ಇರಲೇಬೇಕಷ್ಟೆ. ಇದರಿಂದ ಇನ್ನೊಂದು ಸುಂದರವಾದ ಸಂಬಂಧ ದೊರೆಯುತ್ತದೆ. 666666ರ ವರ್ಗವನ್ನು ನಮ್ಮ ಸಂಖ್ಯೆಯ ಅಂಕಗಳ ಮೊತ್ತವಾದ 36ರಿಂದ ಭಾಗಿಸಿದರೆ ಮತ್ತೆ 12345654321 ಬರುತ್ತದೆ.

ಮೂರನೆಯದಾಗಿ, ಅದರ ಅಪವರ್ತನಗಳು. 111111 = 111 × 1001. ಇವುಗಳಲ್ಲಿ 111 = 3 × 37, 1001 = 7 × 11 × 13. ಆದ್ದರಿಂದ 111111 = 3 × 7 × 11 × 13 × 37. ನಮ್ಮ ಸಂಖ್ಯೆಯು ಈ ಐದು ಅವಿಭಾಜ್ಯಗಳ ವರ್ಗಗಳ ಗುಣಲಬ್ಧ. ಐದರಲ್ಲಿ ಪ್ರತಿಯೊಂದನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದ್ದರಿಂದ ಇದಕ್ಕೆ 243 ಭಾಜಕಗಳಿವೆ. ಎರಡು ಪೂರ್ಣಾಂಕಗಳ ಗುಣಲಬ್ಧವಾಗಿ ಇದನ್ನು 122 ಬಗೆಯಲ್ಲಿ ಬರೆಯಬಹುದು. ಗುಣಾಕಾರ, ಭಾಗಾಕಾರಗಳ ಉದಾಹರಣೆ ಹುಡುಕುವ ಉಪಾಧ್ಯಾಯನಿಗೆ ಇದಕ್ಕಿಂತ ಉದಾರವಾದ ಸಂಖ್ಯೆ ದೊರೆಯುವುದು ಕಷ್ಟ.

ಆರರಲ್ಲಿ ನಿಂತುದೇಕೆ

ಏರಿಳಿತದ ಈ ಕ್ರಮ ಆರಕ್ಕೇ ಸೀಮಿತವಾದುದಲ್ಲ. 11ರ ವರ್ಗ 121, 111ರ ವರ್ಗ 12321. ಒಂಬತ್ತು ಒಂದುಗಳ ವರ್ಗ 12345678987654321. ಹತ್ತು ಒಂದುಗಳಿಗೆ ಹೋದಾಗ ನಡುವಿನ ಕಂಬಸಾಲು ಹತ್ತನ್ನು ಮುಟ್ಟಿ ದಶಕ ಏರುವುದರಿಂದ ಕ್ರಮ ಮುರಿದು 1234567900987654321 ಎಂದಾಗುತ್ತದೆ. ಹೀಗಿರುವಾಗ ಒಂಬತ್ತರವರೆಗೆ ಹೋಗಲು ಅವಕಾಶವಿದ್ದೂ ಮಹಾವೀರಾಚಾರ್ಯನು ಆರಕ್ಕೆ ನಿಂತದ್ದು ಏಕೆಂಬ ಪ್ರಶ್ನೆ ಸಹಜ.

ಆರೆಂಬುದಕ್ಕೆ ಧಾರ್ಮಿಕ ಸಂಕೇತಾರ್ಥವನ್ನು ಕಲ್ಪಿಸುವುದು ಸುಲಭ. ಷಡ್ದ್ರವ್ಯಗಳ ನೆನಪು ಜೈನ ಗ್ರಂಥಕರ್ತನ ವಿಷಯದಲ್ಲಿ ಬಂದೇ ಬರುತ್ತದೆ. ಆದರೆ ಗಣಿತದೊಳಗೇ ತೃಪ್ತಿಕರವಾದ ಕಾರಣ ಇರುವಾಗ ಹೊರಗಿನ ಸಂಕೇತವನ್ನು ತರುವ ಅಗತ್ಯ ತೋರದು. ಬರಿಯ ಒಂದುಗಳಿಂದಾದ ಸಂಖ್ಯೆಗಳನ್ನು ಸಾಲಾಗಿ ಪರೀಕ್ಷಿಸೋಣ. 1111 = 11 × 101. 11111 = 41 × 271. 1111111 = 239 × 4649. 11111111 = 11 × 73 × 101 × 137. 111111111 = 9 × 37 × 333667. ಐದು ಮತ್ತು ಏಳು ಒಂದುಗಳ ಸಂಖ್ಯೆಗಳಲ್ಲಿ ಸಣ್ಣ ಅಪವರ್ತನಗಳೇ ಇಲ್ಲ. ಆರು ಒಂದುಗಳದ್ದರಲ್ಲಿ ಮಾತ್ರ ಮೂರು, ಏಳು, ಹನ್ನೊಂದು, ಹದಿಮೂರು ನಾಲ್ಕೂ ಒಟ್ಟಿಗೆ ಸೇರಿವೆ. ಆರು ಎಂಬುದು ಎರಡರಿಂದಲೂ ಮೂರರಿಂದಲೂ ಭಾಗವಾಗುವುದರಿಂದ 111111 ತನ್ನೊಳಗೆ 11ನ್ನೂ 111ನ್ನೂ ಹೊಂದಿದೆ. ಅದರ ಮೇಲೆ ಏಳು ಮತ್ತು ಹದಿಮೂರು ಕೂಡಿಕೊಂಡಿವೆ.

ಗ್ರಂಥದ ಪ್ರಸಿದ್ಧವಾದ ಇತರ ಉದಾಹರಣೆಗಳು ಈ ಊಹೆಗೆ ಪುಷ್ಟಿ ಕೊಡುತ್ತವೆ. 12345679 × 9 = 111111111 ಎಂಬುದು ಒಂಬತ್ತು ಒಂದುಗಳ ಸಂಖ್ಯೆ. 152207 × 73 = 11111111 ಎಂಬುದು ಎಂಟು ಒಂದುಗಳದ್ದು. ಆರು ಒಂದುಗಳ ವರ್ಗವೇ ನಮ್ಮ ಸಂಖ್ಯೆ. ಅನುಕೂಲವಾದ ಗುಣಕ ದೊರೆಯುವ ಆರು, ಎಂಟು, ಒಂಬತ್ತುಗಳು ಈ ಉದಾಹರಣೆಗಳಲ್ಲಿ ಕಾಣಿಸಿಕೊಂಡಿವೆ. ದೊರೆಯದ ಐದು, ಏಳುಗಳು ಕಾಣಿಸಿಕೊಂಡಿಲ್ಲ.

441 ಎಂಬ ಆಯ್ಕೆ

ಗ್ರಂಥದಲ್ಲಿ ಈ ಸಂಖ್ಯೆ ಒಂಟಿಯಾಗಿ ಬರುವುದಿಲ್ಲ. ಅದು 441 ಮತ್ತು 27994681ರೊಡನೆ ಕೂಡಿದೆ. 27994681 × 441 = 12345654321. ದೊಡ್ಡದನ್ನು 441ರಿಂದ ಭಾಗಿಸಿದರೆ ಶೇಷವಿಲ್ಲದೆ 27994681 ದೊರೆಯುತ್ತದೆ.

ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. 441 ಎಂಬುದು 21ರ ವರ್ಗ. 27994681 ಎಂಬುದೂ ವರ್ಗವೇ, 5291ರ ವರ್ಗ. 5291 = 11 × 13 × 37. ಅಂದರೆ ಮೂಲದ ಐದು ಅವಿಭಾಜ್ಯಗಳಲ್ಲಿ ಮೂರು ಮತ್ತು ಏಳು ಒಂದು ಕಡೆಗೆ, ಉಳಿದ ಮೂರು ಇನ್ನೊಂದು ಕಡೆಗೆ ಪೂರ್ತಿಯಾಗಿ ಹಂಚಿಹೋಗಿವೆ. ಎರಡು ಅಪವರ್ತನಗಳಿಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ. 122 ಬಗೆಗಳಲ್ಲಿ ಇಂತಹವು 16 ಮಾತ್ರ. ಈ ಹದಿನಾರರಲ್ಲಿ ಚಿಕ್ಕ ಅಪವರ್ತನವು ಮೂರಂಕಿಯದಾಗಿರುವುದು ಮೂರರಲ್ಲಿ ಮಾತ್ರ. ಅವು 121, 169 ಮತ್ತು 441. ವರ್ಗವಲ್ಲದ ಮೂರಂಕಿಯ ಭಾಜಕಗಳು ಬೇಕಾಗಿದ್ದರೆ 117, 143, 231, 273, 333, 429, 481 ಮೊದಲಾದವು ಸಿದ್ಧವಾಗಿದ್ದವು.

ಇದರಿಂದ ಮಹಾವೀರಾಚಾರ್ಯನು 12345654321ರ ಅವಿಭಾಜ್ಯ ಅಪವರ್ತನಗಳನ್ನೆಲ್ಲ ಕಂಡುಕೊಂಡಿದ್ದನೆಂದು ಸಿದ್ಧಪಡಿಸಬಹುದೇ? ಸಿದ್ಧಪಡಿಸಲಾಗದು. ಎರಡು ದಾರಿಗಳು ಸಮಾನವಾಗಿ ಸಾಧ್ಯ. ಮೊದಲನೆಯದು, 111111ನ್ನು 21ರಿಂದ ಭಾಗಿಸಿ 5291 ಪಡೆದು, ಎರಡನ್ನೂ ವರ್ಗಮಾಡಿದ ದಾರಿ. ಎರಡನೆಯದು, ದೊಡ್ಡ ಸಂಖ್ಯೆಯನ್ನೇ ಹಂತಹಂತವಾಗಿ ಭಾಗಿಸಿದ ದಾರಿ. 12345654321ನ್ನು ಒಂಬತ್ತರಿಂದ ಭಾಗಿಸಿದರೆ 1371739369, ಅದನ್ನು ಏಳರಿಂದ ಭಾಗಿಸಿದರೆ 195962767, ಮತ್ತೆ ಏಳರಿಂದ ಭಾಗಿಸಿದರೆ 27994681. ಎರಡನೆಯ ದಾರಿಯಲ್ಲಿ 11, 13, 37ಗಳನ್ನು ತಿಳಿಯುವ ಅಗತ್ಯವೇ ಬೀಳದು. 441 ವರ್ಗವಾಗಿರುವುದು ಮೊದಲನೆಯ ದಾರಿಯ ಕಡೆಗೆ ಒಲವನ್ನು ಸೂಚಿಸುತ್ತದೆ. ಸೂಚನೆಯನ್ನು ಪ್ರಮಾಣವೆಂದು ಕರೆಯದಿರುವುದು ಶಾಸ್ತ್ರೇತಿಹಾಸದ ಶಿಸ್ತು. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆನ್ನುವ ಉತ್ಸಾಹ, ಅವರಿಗೆ ದೊರೆತುದೆಲ್ಲವೂ ಆಕಸ್ಮಿಕವೆನ್ನುವ ಉಪೇಕ್ಷೆ ಎರಡೂ ಇಂತಹ ಸಂಖ್ಯೆಗಳ ವಿಷಯದಲ್ಲಿ ಸಮಾನವಾಗಿ ಅಡ್ಡಿ ಬರುತ್ತವೆ.

ಗ್ರಂಥದ ಸೂತ್ರಗಳನ್ನು ನೋಡಿದರೆ ಇಷ್ಟನ್ನು ಖಚಿತವಾಗಿ ಹೇಳಬಹುದು: ಅಪವರ್ತನಗಳೊಡನೆ ವ್ಯವಹರಿಸುವುದು ಅವನ ಲೆಕ್ಕದ ನಿತ್ಯವಿಧಾನವಾಗಿತ್ತು. ಗುಣ್ಯವನ್ನು ಗುಣಕದೊಡನೆ ಬಾಗಿಲಿನ ಕೀಲುಗಳಂತೆ ಹೊಂದಿಸಿಡುವ ಕವಾಟಸಂಧಿ ಕ್ರಮವನ್ನು ಹೇಳುವಾಗ ಅವನು ಮೂರು ಮಾರ್ಗಗಳನ್ನು ಕೊಡುತ್ತಾನೆ. ಗುಣ್ಯದ ಒಂದು ಅಪವರ್ತನವನ್ನು ತೆಗೆದು ಗುಣಕಕ್ಕೆ ಸೇರಿಸುವುದು, ಗುಣಕದ ಅಪವರ್ತನವನ್ನು ತೆಗೆದು ಗುಣ್ಯಕ್ಕೆ ಸೇರಿಸುವುದು, ಎರಡನ್ನೂ ಇದ್ದಂತೆಯೇ ಇಟ್ಟು ಗುಣಿಸುವುದು. ಎರಡನೆಯ ಮಾರ್ಗವನ್ನು ನಮ್ಮ ಉದಾಹರಣೆಗೆ ಅನ್ವಯಿಸಿದರೆ, 441ರಿಂದ ಒಂದು 21ನ್ನು ತೆಗೆದು 27994681ಕ್ಕೆ ಸೇರಿಸಬಹುದು. ಆಗ 587888301 × 21 ಎಂದಾಗಿ ಉತ್ತರ ಅದೇ ಬರುತ್ತದೆ. ಮೊದಲನೆಯ ಮಾರ್ಗದಂತೆ ಗುಣ್ಯದಿಂದ 11ನ್ನು ತೆಗೆದರೆ 2544971 × 4851 ಎಂದಾಗುತ್ತದೆ. ಭಾಗಾಕಾರದಲ್ಲಿಯೂ ಭಾಜ್ಯ, ಭಾಜಕಗಳ ಸಾಮಾನ್ಯ ಅಪವರ್ತನಗಳನ್ನು ಮೊದಲು ಕಳೆಯಬೇಕೆಂದು ಅವನು ವಿಧಿಸುತ್ತಾನೆ. ಭಿನ್ನರಾಶಿಗಳನ್ನು ಕೂಡಿಸುವ ಸಂದರ್ಭದಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ'ವೆಂಬ ಹೆಸರಿನಿಂದ ಬಳಸುತ್ತಾನೆ. ಈ ಮೂರು ವಿಧಿಗಳ ಹಿನ್ನೆಲೆಯಲ್ಲಿ 441ರ ಆಯ್ಕೆ ಕೇವಲ ಅದೃಷ್ಟದ ಫಲವೆಂದು ಹೇಳುವುದು ಕಷ್ಟ.

ಕಂಠಾಭರಣ ಸಂಖ್ಯೆಗಳು ಮತ್ತು ಬೋಧನಕ್ರಮ

ಎರಡು ದಿಕ್ಕಿನಿಂದಲೂ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಮಹಾವೀರಾಚಾರ್ಯನು ಕಂಠಾಭರಣದ ರೂಪಕದಿಂದ ವರ್ಣಿಸುತ್ತಾನೆ. ಇಂದಿನ ಇತಿಹಾಸಕಾರರು ಇವುಗಳನ್ನು ಹಾರಸಂಖ್ಯೆಗಳೆಂದು ಕರೆಯುವುದು ಇದರಿಂದಲೇ. 139 × 109 = 15151, 14287143 × 7 = 100010001, 142857143 × 7 = 1000000001, 333333666667 × 33 = 11000011000011 ಎಂಬುವು ಈ ವರ್ಗಕ್ಕೆ ಸೇರಿದವು. ನಡುವೆ ಪದಕ, ಎರಡು ಬದಿಗೂ ಸಮಾನವಾಗಿ ಪೋಣಿಸಿದ ಮಣಿಗಳು ಎಂಬ ಕಲ್ಪನೆಗೆ 12345654321 ಅತ್ಯಂತ ಚೆನ್ನಾಗಿ ಹೊಂದುತ್ತದೆ. ಮಣಿಗಳು ತುದಿಯಿಂದ ನಡುವಿಗೆ ಬಂದಂತೆ ದೊಡ್ಡದಾಗುತ್ತವೆ.

ಈ ಅಲಂಕಾರಕ್ಕೆ ಪ್ರಯೋಜನವೂ ಇದೆ. ವಿದ್ಯಾರ್ಥಿಯು ಎಂಟಂಕಿಯ ಸಂಖ್ಯೆಯನ್ನು ಮೂರಂಕಿಯ ಸಂಖ್ಯೆಯಿಂದ ಗುಣಿಸುವಾಗ ತಪ್ಪುವ ಸಂಭವ ಹೆಚ್ಚು. ಉತ್ತರ ಸರಿಯೇ ಎಂಬುದನ್ನು ತಿಳಿಯಲು ಗುರುವನ್ನು ಕೇಳಬೇಕು ಅಥವಾ ಮತ್ತೆ ಲೆಕ್ಕ ಮಾಡಬೇಕು. ಆದರೆ ಉತ್ತರವು ಹಾರವಾಗಿ ಬರುವ ಉದಾಹರಣೆಯಲ್ಲಿ ಒಂದು ಕಡೆ ದಶಕ ಏರಿಸುವುದನ್ನು ಮರೆತರೂ ಹಾರ ತುಂಡಾಗುತ್ತದೆ. ವಿದ್ಯಾರ್ಥಿಗೆ ತನ್ನ ತಪ್ಪು ತಾನೇ ಕಾಣುತ್ತದೆ. ಲೆಕ್ಕವು ತನ್ನ ಪರೀಕ್ಷೆಯನ್ನು ತನ್ನೊಳಗೇ ಇಟ್ಟುಕೊಂಡಿದೆ. ಅಂಕಗಳನ್ನು ಅಳಿಸುತ್ತ ಬರೆಯುತ್ತ ಸಾಗುವ ಹಲಗೆಯ ಲೆಕ್ಕದಲ್ಲಿ ನಡುವಿನ ಹಂತಗಳು ಉಳಿಯುವುದಿಲ್ಲವಾದ್ದರಿಂದ ಇಂತಹ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚು. ಆದ್ದರಿಂದ ಈ ಉದಾಹರಣೆಗಳನ್ನು ರಾಜಸಭೆಯ ವಿನೋದವೆಂದು ಮಾತ್ರ ನೋಡದೆ, ಬೋಧನೆಯ ಅನುಭವದಿಂದ ಮೂಡಿದ ಸಾಧನಗಳೆಂದು ನೋಡುವುದು ಯುಕ್ತ.

ಈ ಬೋಧನಪರಂಪರೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ' ಮೊದಲಾದ ಕೃತಿಗಳಿಂದ ಕನ್ನಡದಲ್ಲಿಯೇ ಗಣಿತಶಾಸ್ತ್ರವನ್ನು ನೆಲೆಗೊಳಿಸಿದನು.

ಬರೆಹದ ಗುಣ, ಸಂಖ್ಯೆಯ ಗುಣ

ಮೇಲೆ ವಿವರಿಸಿದ ಗುಣಗಳನ್ನು ಈಗ ವಿಂಗಡಿಸಬಹುದು. ಪೂರ್ಣವರ್ಗವಾಗಿರುವುದು, 243 ಭಾಜಕಗಳಿರುವುದು, 441ರಿಂದ ನಿಶ್ಶೇಷವಾಗಿ ಭಾಗವಾಗುವುದು ಸಂಖ್ಯೆಯ ಸ್ವಂತ ಗುಣಗಳು. ಅದನ್ನು ಯಾವ ಲಿಪಿಯಲ್ಲಿ, ಯಾವ ಪದ್ಧತಿಯಲ್ಲಿ ಬರೆದರೂ ಅವು ಬದಲಾಗವು. ಅಷ್ಟೇ ಪ್ರಮಾಣದ ರಾಶಿಯನ್ನು ರೋಮನ್ ಕ್ರಮದಲ್ಲಿ ಗುರುತಿಸಿದರೂ ಅದು ವರ್ಗವೇ. ಆದರೆ ಏರಿಳಿತದ ಆಕಾರ, ಎರಡು ಕಡೆಯಿಂದಲೂ ಒಂದೇ ಆಗಿರುವುದು, ಅಂಕಗಳ ಮೊತ್ತ 36 ಆಗಿರುವುದು ದಶಮಾನ ಸ್ಥಾನಪದ್ಧತಿಯ ಬರೆಹಕ್ಕೆ ಸೇರಿದ ಗುಣಗಳು. ರೋಮನ್ ಕ್ರಮದಲ್ಲಿ ಈ ಹಾರ ಕಾಣಿಸುವುದೇ ಇಲ್ಲ.

ಆಕಾರಕ್ಕೂ ವರ್ಗಕ್ಕೂ ಇರುವ ನಂಟು ಮಾತ್ರ ಹತ್ತಕ್ಕಷ್ಟೇ ಕಟ್ಟುಬಿದ್ದುದಲ್ಲ. ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವ ಮಾನದಲ್ಲಿಯೂ 12345654321 ಎಂದು ಬರೆದ ಸಂಖ್ಯೆ, ಆ ಮಾನದ 111111ರ ವರ್ಗವೇ ಆಗಿರುತ್ತದೆ. ಏಳಕ್ಕಿಂತ ಕೆಳಗಿನ ಮಾನಗಳಲ್ಲಿ ಆರೆಂಬ ಅಂಕವೇ ಇಲ್ಲ. ಆದರೆ ಅಪವರ್ತನಗಳು ಮಾನದೊಡನೆ ಬದಲಾಗುತ್ತವೆ. ಎಂಟರ ಮಾನದಲ್ಲಿ 111111 ಎಂದರೆ ನಮ್ಮ 37449, ಅದರ ಅಪವರ್ತನಗಳು 27, 19 ಮತ್ತು 73. ಅಲ್ಲಿ ಏಳಕ್ಕೆ ಎಡೆಯಿಲ್ಲವಾದ್ದರಿಂದ 441ರ ಉದಾಹರಣೆಯೇ ಸಾಧ್ಯವಾಗುತ್ತಿರಲಿಲ್ಲ. ಆಕಾರ ಸ್ಥಾನಪದ್ಧತಿಯ ಸಾಮಾನ್ಯ ಕೊಡುಗೆ. ಆ ಆಕಾರವು 21ರ ವರ್ಗದಿಂದ ನಿಶ್ಶೇಷವಾಗಿ ಒಡೆಯುವುದು ಹತ್ತರ ಮಾನದ ವಿಶೇಷ ಕೊಡುಗೆ. ಮಹಾವೀರಾಚಾರ್ಯನ ಉದಾಹರಣೆ ನಿಂತಿರುವುದು ಇವೆರಡೂ ಸೇರುವ ಬಿಂದುವಿನಲ್ಲಿ.

ಸುಮಾರು ಸಾವಿರದ ನೂರು ವರ್ಷಗಳ ಅನಂತರ ಇದೇ ಸಂಖ್ಯೆಗಳ ಶ್ರೇಣಿ ಮತ್ತೊಬ್ಬ ಉಪಾಧ್ಯಾಯರ ಗಮನ ಸೆಳೆಯಿತು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986) ಅವರು 1, 121, 12321, 1234321 ಮೊದಲಾದವುಗಳನ್ನು ಅಭ್ಯಸಿಸಿ, ಮುಂಬಯಿ ಸಮೀಪದ ಡೆಮ್ಲೊ ರೈಲುನಿಲ್ದಾಣದ ನೆನಪಿಗೆ 'ಡೆಮ್ಲೊ ಸಂಖ್ಯೆಗಳು' ಎಂದು ಹೆಸರಿಟ್ಟರು. ಆ ಶ್ರೇಣಿಯ ಆರನೆಯ ಸಂಖ್ಯೆಯೇ 12345654321. ಇಂದಿನ ಸಂಖ್ಯಾಶಾಸ್ತ್ರದ ಗ್ರಂಥಗಳಲ್ಲಿ ಇದು ಆ ಹೆಸರಿನಿಂದಲೇ ಪರಿಚಿತವಾಗಿದೆ. ಹೆಸರು ಇಪ್ಪತ್ತನೆಯ ಶತಮಾನದ್ದಾದರೂ ಸಂಖ್ಯೆ ರಾಷ್ಟ್ರಕೂಟರ ಕಾಲದಲ್ಲಿಯೇ ಪಾಠದ ಹಲಗೆಯನ್ನು ಏರಿತ್ತೆಂಬುದನ್ನು ಅಂತಹ ಗ್ರಂಥಗಳಲ್ಲಿ ದಾಖಲಿಸುವುದು ಅಗತ್ಯ.

ಉಪಸಂಹಾರ

ಮಹಾವೀರಾಚಾರ್ಯನನ್ನು ದೋಷರಹಿತನೆಂದು ತೋರಿಸುವುದು ಈ ಪ್ರಬಂಧದ ಉದ್ದೇಶವಲ್ಲ. ಋಣರಾಶಿಗೆ ವರ್ಗಮೂಲವಿಲ್ಲವೆಂಬ ಅವನ ಮಾತು ಅವನ ಕಾಲದ ಸಂಖ್ಯಾಕಲ್ಪನೆಯೊಳಗೆ ಸರಿಯಾದುದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲವೆಂಬ ಮಾತು ತಪ್ಪಾದುದು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಅವನ ನಿಜವಾದ ಎತ್ತರ ತಿಳಿಯುತ್ತದೆ.

12345654321ರ ಅಧ್ಯಯನದಿಂದ ಮೂರು ಸಂಗತಿಗಳು ಸ್ಥಿರಪಡುತ್ತವೆ. ಅಂಕಗಳ ಕ್ರಮದಿಂದಲೇ ಸಂಖ್ಯೆಯನ್ನು ಹೇಳುವಷ್ಟು ಸ್ಥಾನಪದ್ಧತಿಯು ಒಂಬತ್ತನೆಯ ಶತಮಾನದ ಗಣಿತಪಾಠದಲ್ಲಿ ರೂಢವಾಗಿತ್ತು. ಅಪವರ್ತನಗಳ ವಿಷಯದಲ್ಲಿ ಆ ಕಾಲದ ಲೆಕ್ಕಿಗರ ಪರಿಶ್ರಮ ಉದಾಹರಣೆಗಳ ಆಯ್ಕೆಯಲ್ಲಿಯೂ ಪ್ರಕಟವಾಗಿದೆ. ಚೆಲುವು ಮತ್ತು ಉಪಯೋಗ ಎಂಬೆರಡು ಉದ್ದೇಶಗಳನ್ನು ಒಂದೇ ಉದಾಹರಣೆಯಲ್ಲಿ ಸಾಧಿಸುವ ಬೋಧನದೃಷ್ಟಿ ಆಚಾರ್ಯನಲ್ಲಿತ್ತು. ಗ್ರಂಥದ ಇತರ ಹಾರಸಂಖ್ಯೆಗಳನ್ನೂ ಒಂದೊಂದಾಗಿ ಹೀಗೆ ಬಿಡಿಸಿ ನೋಡುವ, ವಲ್ಲಭನ ಟೀಕೆಯಂತಹ ಕನ್ನಡ ವ್ಯಾಖ್ಯಾನಗಳಲ್ಲಿ ಅವುಗಳ ಲೆಕ್ಕವನ್ನು ಹೇಗೆ ಮಾಡಿ ತೋರಿಸಲಾಗಿದೆಯೆಂದು ಪರಿಶೀಲಿಸುವ ಕೆಲಸ ಮುಂದಿನ ಸಂಶೋಧಕರಿಗೆ ಉಳಿದಿದೆ. ಹಸ್ತಪ್ರತಿ ಭಂಡಾರಗಳನ್ನು ಬಲ್ಲವರೂ ಗಣಿತವನ್ನು ಬಲ್ಲವರೂ ಒಟ್ಟಿಗೆ ಕುಳಿತರೆ ಮಾತ್ರ ಅದು ಕೈಗೂಡುತ್ತದೆ.